ಪಂಕಜಾಕ್ಷಿಯ ಅವಳಿ ಬಸಿರು

ಇದು ೧೯೮೬ನೇ ಇಸವಿಯಲ್ಲಿ ನಡೆದದ್ದು. ಬುಕ್ಕಾಂಬುಧಿಯ ಕೊಬ್ಬರಿ ವ್ಯಾಪಾರಿ ಜಯದೇವಪ್ಪನ ಹೆಂಡತಿ ಪಂಕಜಾಕ್ಷಿಗೆ ಎಂಟು ತಿಂಗಳು ನಡೀತಿತ್ತು. ಹೊಟ್ಟೆ ನೋಡಿದರೆ ದಿನ ತುಂಬಿದ ಹಾಗಿತ್ತು. ನರ್ಸ್ ಸುಲೋಚನಮ್ಮ ಹೋದ ತಿಂಗಳೇ ಹೊಟ್ಟೆ ಮುಟ್ಟಿ, ಕೊಳವೆ ಇಟ್ಟು ಎದೆಬಡಿತ ಕೇಳಿ ಹೇಳಿದ್ದರು: "ಒಳಗೆ ಎರಡು ಮಕ್ಕಳಿದಾವೆ ಕಣಮ್ಮ. ಅವಳಿ ಆದ್ರೆ ದಿನ ತುಂಬೋ ಮುಂಚೆ ನೋವು ಬರೋದು ಜಾಸ್ತಿ. ಹೊಟ್ಟೆ ಮತ್ತೆ ಮತ್ತೆ ಬಿಗಿದುಕೊಂಡ್ರೆ, ಸೊಂಟ ಎಳೆದ್ರೆ, ನೀರೋ ರಕ್ತವೋ ಕಂಡ್ರೆ, ತಡ ಮಾಡಬೇಡ."

ಒಂದು ಬೆಳಿಗ್ಗೆ ಪಂಕಜಾಕ್ಷಿ ರಾಗಿ ಕೇರುತ್ತಾ ಕೂತಿದ್ದಳು. ಹೊಟ್ಟೆ ಕಲ್ಲಿನ ಹಾಗಾಯ್ತು, ಬಿಟ್ಟಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಅತ್ತೆ ಕಾಶಮ್ಮ ಜೀರಿಗೆ ಕಷಾಯ ಕಾಯಿಸಿ ಕೊಟ್ಟಳು.

"ವಾಯು ಇರಬೇಕು. ಕುಡ್ದು ಮಲಿಕ್ಕೋ."

"ಇಲ್ಲ ಅತ್ತೆ, ಇದು ನಾಲ್ಕನೇ ಸಲ. ನರ್ಸಮ್ಮನಿಗೆ ಹೇಳಿ ಕಳಿಸಿ."

ಸುಲೋಚನಮ್ಮ ಬಂದು ಹೊಟ್ಟೆ ಮೇಲೆ ಕೈ ಇಟ್ಟು ಗಡಿಯಾರ ನೋಡಿದರು. "ಇದು ಹೆರಿಗೆ ನೋವೇ. ಈಗಲೇ ತರೀಕೆರೆಗೆ ಹೋಗೋಣ. ನೋವು ತಡೆಯೋ ಔಷಧಿ ಐತೆ."

"ಬಸುರಿ ಹೊಟ್ಟೆಗೆ ಮದ್ದು ಹಾಕೋದು ಬ್ಯಾಡ ನರ್ಸಮ್ಮ," ಅಂದಳು ಕಾಶಮ್ಮ. "ಮಕ್ಕಳಿಗೆ ಏನಾದ್ರೂ ಆದ್ರೆ?"

ಆಮೇಲೆ ಸೆರಗು ಸರಿಮಾಡಿಕೊಂಡು ನಿಧಾನವಾಗಿ ಹೇಳಿದಳು: "ನನಗೂ ಅವಳಿನೇ ಆಗಿತ್ತು, ಜಯದೇವ ಹುಟ್ಟೋಕೆ ಮುಂಚೆ. ಏಳು ತಿಂಗಳಿಗೇ ಬಂದ್ವು. ಉಸಿರು ಎಳೆಯೋಕೆ ಆಗ್ಲಿಲ್ಲ. ಮಧ್ಯಾಹ್ನದೊಳಗೆ ಎರಡೂ ಹೋದ್ವು. ಅವಳಿ ಅಂದ್ರೆ ಹಂಗೇ ಅನ್ಕೊಂಡೆ."

ಪಂಕಜಾಕ್ಷಿಗೆ ಈ ವಿಷಯ ಗೊತ್ತೇ ಇರಲಿಲ್ಲ. ಅವಳು ಅತ್ತೆಯ ಕೈ ಹಿಡಿದಳು.

ಸುಲೋಚನಮ್ಮ ಪಕ್ಕ ಕೂತರು. "ಉಸಿರಿನ ಚೀಲ ಬಲಿತಿರಲಿಲ್ಲ ಕಾಶಮ್ಮೋರೇ. ಈಗ ಅದು ಬೇಗ ಬಲೀಲಿ ಅಂತ ತಾಯಿಗೇ ಸೂಜಿ ಹಾಕ್ತಾರೆ. ಅದು ಕೆಲಸ ಮಾಡೋಕೆ ಒಂದೆರಡು ದಿನ ಬೇಕು. ಅಷ್ಟು ದಿನ ನೋವು ತಡೆಯೋಕೆ ಇನ್ನೊಂದು ಔಷಧಿ."

"ಖಂಡಿತ ಉಳೀತಾವಾ?"

"ಖಂಡಿತ ಅಂತ ಸುಳ್ಳು ಹೇಳಲ್ಲ. ಉಳಿಯೋ ಸಾಧ್ಯತೆ ಜಾಸ್ತಿ ಆಗ್ತದೆ."

ಕಾಶಮ್ಮ ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿ ಸೊಸೆಯ ಸೀರೆ, ಕಂಬಳಿ ಇತ್ತು. ಬಾಗಿಲಲ್ಲಿ ನಿಂತಿದ್ದ ಮಗನಿಗೆ, "ಜಯದೇವ, ಗಾಡಿ ನೋಡಪ್ಪ," ಅಂದಳು.

ಕೊಬ್ಬರಿ ಸಾಗಿಸೋ ವ್ಯಾನಿನಲ್ಲಿ ಪಂಕಜಾಕ್ಷಿಯನ್ನು ಎಡಮಗ್ಗುಲಿಗೆ ಮಲಗಿಸಿಕೊಂಡು ಹೊರಟರು. ತರೀಕೆರೆಯಲ್ಲಿ ಲೇಡಿ ಡಾಕ್ಟರು ಪರೀಕ್ಷೆ ಮಾಡಿ ಎರಡೂ ಔಷಧಿ ಕೊಟ್ಟರು. ನೋವು ತಡೆಯೋ ಔಷಧಿಗೆ ಎದೆ ಡವಗುಟ್ಟುತ್ತೆ, ಹೆದರಬೇಡಿ ಅಂತ ಮೊದಲೇ ಹೇಳಿ, ಆಗಾಗ ನಾಡಿ ನೋಡುತ್ತಿದ್ದರು. ಸಂಜೆ ಹೊತ್ತಿಗೆ ನೋವು ಬರೋದು ಕಡಿಮೆಯಾಯ್ತು. ಮಾರನೇ ದಿನ ನಿಂತಿತು. ಮೂರನೇ ದಿನ, ಸಣ್ಣ ಮಕ್ಕಳನ್ನು ಬೆಚ್ಚಗಿಡೋ ಪೆಟ್ಟಿಗೆ ಇರುವ ಶಿವಮೊಗ್ಗದ ಆಸ್ಪತ್ರೆಗೆ ಕಳಿಸಿದರು.

ಅಲ್ಲಿ ಹನ್ನೊಂದು ದಿನ ಕಳೆದ ಮೇಲೆ ಮತ್ತೆ ನೋವು ಬಂತು. ಸೂಜಿ ಆಗಲೇ ಕೆಲಸ ಮಾಡಿದ್ದರಿಂದ ಈ ಸಲ ಯಾರೂ ನೋವು ತಡೆಯಲಿಲ್ಲ. ಮೊದಲು ಹೆಣ್ಣು, ಹಿಂದೆ ಗಂಡು. ಎರಡೂ ಎರಡು ಕಿಲೋಗಿಂತ ಕಡಿಮೆ. ಹೆಣ್ಣುಮಗು ಹುಟ್ಟಿದ ಕೂಡಲೇ ಅತ್ತಿತು. ಗಂಡು ಸ್ವಲ್ಪ ತಡ ಮಾಡಿತು, ಬಾಗಿಲಾಚೆ ನಿಂತ ಕಾಶಮ್ಮ ಎರಡನೇ ಅಳು ಕೇಳೋವರೆಗೆ ಕೂರಲಿಲ್ಲ.

ತಿಂಗಳಾದ ಮೇಲೆ ಎರಡೂ ಮಕ್ಕಳು ಊರಿಗೆ ಬಂದವು. ಪಕ್ಕದ ಮನೆ ಕಲ್ಲಮ್ಮ ಕೇಳಿದಳು, "ಹೊಟ್ಟೇಲಿ ಮಕ್ಕಳಿರೋವಾಗ ಮದ್ದು ಹಾಕಿಸಬೋದಾ ಅಕ್ಕಾ?"

"ಡಾಕ್ಟ್ರು ನೋಡಿ ಕೊಟ್ಟದ್ದು ಹಾಕಿಸಬೋದು ಕಣೇ," ಅಂದಳು ಕಾಶಮ್ಮ. "ನಾವೇ ಅಂಗಡೀಲಿ ತಂದು ಕೊಡಬಾರ್ದು ಅಷ್ಟೇ."

ಅಕ್ಕ ತಂಗಿಯರೇ, ನಿಮ್ಮ ಮನೆಯಲ್ಲೋ ಕೇರಿಯಲ್ಲೋ ಬಸುರಿಯೊಬ್ಬಳಿದ್ದರೆ ಹೊಟ್ಟೆಯಲ್ಲಿ ಒಂದೋ ಎರಡೋ ಅಂತ ನರ್ಸಮ್ಮನ ಹತ್ತಿರ ತೋರಿಸಿ. ದಿನ ತುಂಬುವ ಮುಂಚೆ ಹೊಟ್ಟೆ ಬಿಗಿದರೆ ವಾಯು ಅಂತ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ. ಔಷಧಿ ಕೆಲಸ ಮಾಡೋಕೆ ಹೊತ್ತು ಬೇಕು. ಆ ಹೊತ್ತನ್ನು ಮಕ್ಕಳಿಗೆ ಕೊಡುವವರು ನೀವೇ.