ಬ್ರೇಕ್ ತುಳಿದರೆ ಹಾಡುವ ಟ್ರಾಕ್ಟರು

ಹನುಮಸಾಗರದ ಕಳಕಪ್ಪನ ಹಳೇ ಟ್ರಾಕ್ಟರು ಬ್ರೇಕ್ ತುಳಿದಾಗಲೆಲ್ಲ ಹಾಡುತ್ತಿತ್ತು. ಕಾರು ಹಿಂದಕ್ಕೆ ಸರಿಯುವಾಗ ಹಾಡುವ ಹಾರ್ನೊಂದನ್ನು ಗುಜರಿಯಿಂದ ತಂದು ತಾನೇ ಕೂಡಿಸಿದ್ದ. ಆದರೆ ಅದರ ವೈರನ್ನು ಬ್ರೇಕ್ ಲೈಟಿನ ವೈರಿಗೆ ಸುತ್ತಿಬಿಟ್ಟಿದ್ದ. ತಪ್ಪು ಒಪ್ಪುವ ಆಸಾಮಿಯಲ್ಲ. ಯಾರಾದರೂ ನಕ್ಕರೆ "ಬೇಕಂತನ ಮಾಡೀನ್ರಿ" ಎನ್ನುತ್ತಿದ್ದ.

ವರ್ಷಗಟ್ಟಲೆ ನಕ್ಕರೂ ಊರಿಗೆ ಸಾಕಾಗಲಿಲ್ಲ. ಒಂದು ದಿನ ಕಳಕಪ್ಪ ಸಿಟ್ಟು ನೆತ್ತಿಗೇರಿ, ಹೊಲದಲ್ಲೇ ಹಾರ್ನಿನ ವೈರು ಕಿತ್ತು ಜೇಬಿಗಿಳಿಸಿದ.

ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಉಣ್ಣಲು ಕೂತರೆ, ತಟ್ಟೆಗೆ ಬಿದ್ದದ್ದು ಮುಂಜಾನೆಯ ತಣ್ಣನೆ ರೊಟ್ಟಿ. ಇಷ್ಟು ವರ್ಷ ಅವನು ಕೂರುವುದಕ್ಕೂ ಬಿಸಿ ರೊಟ್ಟಿ ಹಂಚಿನಿಂದ ಏಳುವುದಕ್ಕೂ ಸರಿಹೋಗುತ್ತಿತ್ತು. ಅದು ಹೇಗೆಂದು ಅವನು ಒಮ್ಮೆಯೂ ಯೋಚಿಸಿರಲಿಲ್ಲ.

"ಯಾಕ, ಇವತ್ತ ರೊಟ್ಟಿ ಬಡಿದಿಲ್ಲೇನು?"

"ನೀವು ಬಂದದ್ದು ನನಗ ಹ್ಯಾಂಗ ಗೊತ್ತಾಗಬೇಕ್ರಿ?" ಎಂದಳು ಹೆಂಡತಿ ಶಂಕ್ರಮ್ಮ. "ಟ್ರಾಕ್ಟರು ಊರ ತುಂಬ ಅದಾವ. ಕೆರಿ ತಿರುವಿನ್ಯಾಗ ನಿಮ್ಮ ಹಾಡು ಕೇಳಿದ ಮ್ಯಾಲನ ನಾ ಹಂಚು ಇಡ್ತಿದ್ದೆ."

ಕಳಕಪ್ಪ ತಟ್ಟೆ ಸರಿಸಿ ಎದ್ದ. ಜೇಬಿನಿಂದ ವೈರು ತೆಗೆಯುತ್ತ ಹೊಸ್ತಿಲು ದಾಟಿದ.

"ಉಣ್ಣೂದು ಬಿಟ್ಟು ಎಲ್ಲಿಗಿ?"

"ಹಾಡು ಕೇಳಿದಾಗ ಹಂಚು ಇಡು," ಎಂದ. "ನಾ ಇನ್ನೂ ಬಂದಿಲ್ಲ."