ಬೆಂಚಿನ ತೋಳಿನ ಹನ್ನೊಂದು ಕಚ್ಚು

ನಿಜ ಹೇಳಿಬಿಡುತ್ತೇನೆ, ನನಗೆ ಸ್ವಲ್ಪ ಜಂಬ ಜಾಸ್ತಿ. ಸೋಮವಾರ ಗರಗಸದಿಂದ ಇಳಿದ ಹಲಗೆಯನ್ನು ಶನಿವಾರದೊಳಗೆ ನನ್ನ ಮುತ್ತಜ್ಜಿಯ ವಯಸ್ಸಿಗೆ ತರಬಲ್ಲೆ. ಮೊದಲು ಕಂದು ಬಣ್ಣ. ಅದು ಒಣಗಿದ ಮೇಲೆ ಅಂಚಿಗೆಲ್ಲ ಮೇಣದಬತ್ತಿ ತಿಕ್ಕಬೇಕು. ಮೇಲೆ ನೀಲಿಯೋ ಹಸಿರೋ ಬಳಿದು ಉಪ್ಪುಕಾಗದ ಹಿಡಿದು ಉಜ್ಜಿದರೆ, ಮೇಣ ಇದ್ದಲ್ಲೆಲ್ಲ ಬಣ್ಣ ಕಿತ್ತು ಬಂದು, ಐವತ್ತು ವರ್ಷ ಮಳೆ ಬಿಸಿಲು ತಿಂದ ಹಾಗೆ ಕಾಣುತ್ತದೆ. ಕೊನೆಗೆ ಸರಪಳಿಯಿಂದ ನಾಲ್ಕು ಏಟು. ಮಿನಾಸ್ ರಾಜ್ಯದ ನಮ್ಮೂರಿನಲ್ಲಿ ಈ ಕೆಲಸ ಬಲ್ಲವರು ಮನೆಗೊಬ್ಬರಿದ್ದಾರೆ. ಆದರೂ ತಿರದೆಂತೆಸ್ ಪಟ್ಟಣದ ಕಡೆಯಿಂದ ಬರುವ ಪ್ರವಾಸಿಗರು ಅಂಗಳಕ್ಕೆ ಬೆಂಚು ಬೇಕೆಂದರೆ ಕೇಳಿಕೊಂಡು ಬರುವುದು ಇವೊನೆತಿಯ ಅಂಗಡಿಯನ್ನೇ. ಇವೊನೆತಿ ಅಂದರೆ ನಾನೇ.

ಜಾಂದಿರಾ ತನ್ನ ತಾಯಿಯ ಬೆಂಚನ್ನು ನನ್ನಲ್ಲಿಗೆ ಹೊರಿಸಿಕೊಂಡು ಬಂದದ್ದು ಬುಧವಾರ. ಎದುರು ಬೀದಿಯವಳು, ನನ್ನ ಜೊತೆಯೇ ಓದಿದವಳು. ಭಾನುವಾರದಿಂದ ಮನೆಯ ಜಗಲಿಯಲ್ಲೇ ಕಾಫಿ, ಜೋಳದ ಕೇಕು ಮಾರಲು ಶುರುಮಾಡುವವಳಿದ್ದಳು.

"ಬಂದೋರು ಕಣ್ಣು ಕೀಳಬಾರದು, ಹಂಗೆ ಮಾಡಿಕೊಡೆ. ನೀಲಿ ಇರಲಿ," ಅಂದಳು.

"ನಿಮ್ಮಮ್ಮನ್ನ ಕೇಳಿದ್ಯಾ?"

"ಅಮ್ಮಂಗೆ ಕಣ್ಣೇ ಕಾಣಲ್ಲ, ಯಾವ ಬಣ್ಣ ಆದ್ರೇನೇ!"

ಅದೂ ಸರಿಯೇ ಅನ್ನಿಸಿತು. ಜಾಂದಿರಾಳ ತಾಯಿ ದೋನಾ ಜುಲ್ಮಿರಾ ಅವರಿಗೆ ಕಣ್ಣು ಹೋಗಿ ಆರು ವರ್ಷ. ಹಿರಿಯ ಹೆಂಗಸರನ್ನು ನಾವು ದೋನಾ ಅಂತಲೇ ಕರೆಯುವುದು. ಬಾಯಿ ಮಾತ್ರ ಎಲ್ಲೂ ಹೋಗಿರಲಿಲ್ಲ. ಬೀದಿಯಲ್ಲಿ ಯಾರು ಯಾವ ಹೊತ್ತಿಗೆ ಚಪ್ಪಲಿ ಎಳೆದುಕೊಂಡು ಹೋದರು ಅನ್ನುವುದನ್ನು ಜಗಲಿಯಲ್ಲಿ ಕೂತೇ ಹೇಳುತ್ತಿದ್ದರು.

ಗಟ್ಟಿ ಮರದ ಒಳ್ಳೆಯ ಬೆಂಚು. ಎರಡೂ ಕಡೆ ಕೈಯಿಡಲು ತೋಳುಗಳಿದ್ದವು. ಬಲತೋಳಿನ ಮೇಲೆ ಮಾತ್ರ ಅಡ್ಡಡ್ಡಕ್ಕೆ ಚಾಕುವಿನ ಕಚ್ಚುಗಳು. ಥೂ, ಎಷ್ಟು ವಿಕಾರ ಅಂದುಕೊಂಡೆ. ಕಚ್ಚುಗಳ ಒಳಗನ್ನು ಕೆರೆದು ಶುಚಿ ಮಾಡದೆ, ಮರದ ಪುಡಿಗೆ ಬಿಳಿ ಅಂಟು ಕಲಸಿ ಮೆತ್ತಿಬಿಟ್ಟೆ. ಯಾರು ನೋಡುತ್ತಾರೆ! ತೋಳಿನ ಮುಂತುದಿಯನ್ನು ಉಪ್ಪುಕಾಗದದಿಂದ ಉಜ್ಜಿ ಗುಂಡಗೆ ಮಾಡಿದೆ. ಆಮೇಲೆ ಕಂದು, ಮೇಣ, ನೀಲಿ. ಬೆನ್ನಿನ ಹಲಗೆಗೆ ಸರಪಳಿ ಬೀಸಿ ಹೊಸ ಗಾಯ ಮಾಡಿದೆ. ನಮ್ಮ ಕಸುಬಿನವರ ಕೈಗೆ ಅಂಟಿದ ರೋಗ ಇದು, ಹಳೆಯದನ್ನು ಮೊದಲು ಹೊಸದು ಮಾಡುತ್ತೇವೆ, ಆಮೇಲೆ ಕೂತು ಅದನ್ನೇ ಹಳೆಯದು ಮಾಡುತ್ತೇವೆ. ಆಗ ಈ ಮಾತು ನನಗೆ ಹೊಳೆಯಲಿಲ್ಲ. ಬೆಂಚು ನೋಡಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಶುಕ್ರವಾರ ಮಧ್ಯಾಹ್ನ ಅದನ್ನು ಜಗಲಿಯಲ್ಲಿ ಇಟ್ಟೆವು. ಜಾಂದಿರಾ ಕುಣಿದಾಡಿದಳು. ದೋನಾ ಜುಲ್ಮಿರಾ ಕಾಫಿ ಲೋಟ ಹಿಡಿದು ಬಂದು, ಬಲತುದಿಯಲ್ಲಿ ಕೂತರು. ಅವರ ಹೆಬ್ಬೆರಳು ತೋಳಿನ ಮೇಲೆ ಒಮ್ಮೆ ಹೋಯಿತು, ವಾಪಸು ಬಂತು, ಮತ್ತೆ ಹೋಯಿತು.

"ಇದು ಯಾರ ಬೆಂಚು?"

"ನಿಮ್ಮದೇ ದೋನಾ."

"ನನ್ನ ಬೆಂಚು ನಂಗೆ ಗೊತ್ತಿಲ್ವೇನೇ? ಯಾವ ಪ್ರವಾಸಿಗೆ ದಾಟಿಸಿದೆ ಅದನ್ನ?"

ನನಗೆ ಮೈಯೆಲ್ಲ ಉರಿಯಿತು. "ದೇವರಾಣೆಗೂ ನಿಮ್ಮದೇ. ಎರಡು ದಿನ ಸೊಂಟ ಮುರ್ಕೊಂಡು ಮಾಡಿದ್ದಕ್ಕೆ ಕಳ್ಳಿ ಅನ್ನೋ ಹೆಸರಾ?"

"ಹಂಗಾದ್ರೆ ಕಚ್ಚು ಎಲ್ಲಿ? ಹನ್ನೊಂದಿದ್ವು."

"ಓ, ಅವಾ? ಅಸಹ್ಯವಾಗಿದ್ವು, ಮುಚ್ಚಿಬಿಟ್ಟೆ. ಬೆನ್ನಿಗೆ ಅದಕ್ಕಿಂತ ಚೆಂದದ ಗುರುತು ಹಾಕಿದೀನಿ, ಮುಟ್ಟಿ ನೋಡಿ."

ಅವರು ಮುಟ್ಟಲಿಲ್ಲ. ಲೋಟವನ್ನು ಮೆಲ್ಲಗೆ ನೆಲಕ್ಕಿಟ್ಟರು.

"ಒಲೆಗಾರಿಯು ದಿನಾ ಸಂಜೆ ಕಾಫಿ ಕುಡಿದು ಇಲ್ಲೇ ಕೂತು, ಈ ತೋಳಿನ ಮೇಲಿಟ್ಟು ಹೊಗೆಸೊಪ್ಪು ಹೆಚ್ಚುತಿದ್ದರು," ಅಂದರು. ಒಲೆಗಾರಿಯು ಅಂದರೆ ಅವರ ಗಂಡ, ತೀರಿಕೊಂಡು ಒಂಬತ್ತು ವರ್ಷ. "ಜೋಳದ ಸಿಪ್ಪೇಲಿ ಸುತ್ತಿ ಸೇದೋರು. ಕಣ್ಣು ಹೋದ ಮೇಲೆ ಅವರ ಮುಖ ಮರೀತಾ ಬಂತು ಕಣೆ ಇವೊನೆತಿ. ಮೀಸೆ ಇತ್ತು ಅಂತ ಗೊತ್ತು, ಹೆಂಗಿತ್ತು ಅಂತ ಗೊತ್ತಿಲ್ಲ. ಈ ಕಚ್ಚು ಮುಟ್ಟಿದ್ರೆ ಮಾತ್ರ ಪಕ್ಕದಲ್ಲೇ ಕೂತಿದಾರೆ ಅನ್ನಿಸೋದು."

ಆಮೇಲೆ ಎದ್ದು ಹೋಗಿ ಹೊಸ್ತಿಲ ಮೇಲೆ ಕೂತರು. ಜಾಂದಿರಾ ಕರೆದರೂ ಬೆಂಚಿಗೆ ಬರಲಿಲ್ಲ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

"ಭಾನುವಾರ ಬೆಳಿಗ್ಗೆ ತಂದುಕೊಡ್ತೀನಿ," ಅಂತಷ್ಟೇ ಹೇಳಿ ಬೆಂಚನ್ನು ವಾಪಸು ಹೊರಿಸಿಕೊಂಡು ಬಂದೆ.

ಶನಿವಾರ ಬೆಳಿಗ್ಗೆ ಚಾಕು ಹಿಡಿದು ಅದರ ಮುಂದೆ ಕೂತೆ. ನನ್ನ ಕಸುಬೇ ಅದಲ್ಲವೇ? ಹನ್ನೊಂದು ಕಚ್ಚು ಕೊಯ್ಯುವುದು ಎಷ್ಟು ಹೊತ್ತಿನ ಕೆಲಸ? ಅವರಿಗಂತೂ ಕಣ್ಣಿಲ್ಲ. ಚಾಕುವಿನ ಮೊನೆ ಮರಕ್ಕೆ ತಾಗಿಸಿಯೂ ಇದ್ದೆ. ಕೈ ಮುಂದಕ್ಕೆ ಹೋಗಲಿಲ್ಲ. ಸತ್ತವರ ಕೈಯನ್ನು ನಕಲು ಮಾಡಿ, ಆ ಹೆಂಗಸಿನ ಹೆಬ್ಬೆರಳಿಗೆ ಮೋಸ ಮಾಡುವುದೇ? ಥೂ ನಿನ್ನ ಅಂತ ನನ್ನನ್ನೇ ಬೈದುಕೊಂಡು ಚಾಕು ಬಿಸಾಡಿದೆ.

ಬಿಳಿ ಅಂಟು ಬಿಸಿ ವಿನೆಗರ್‌ಗೆ ಮೆತ್ತಗಾಗುತ್ತದೆ. ಅದ್ದಿದ ಬಟ್ಟೆಯನ್ನು ತೋಳಿಗೆ ಸುತ್ತಿ ಕಾದೆ. ಬಣ್ಣ ಸುಕ್ಕುಗಟ್ಟಿ ಎದ್ದಿತು. ಅದನ್ನು ಒರೆಸಿ, ದಬ್ಬಳದ ತುದಿಯಿಂದ ಒಂದೊಂದೇ ಕಚ್ಚಿನಿಂದ ಮೆತ್ತಿದ್ದನ್ನು ಬಗೆಯತೊಡಗಿದೆ. ಮರಕ್ಕೆ ಮೊನೆ ತಾಗೀತೆಂದು ಉಸಿರು ಹಿಡಿದೇ ಕೂತಿದ್ದೆ. ಮೂಗು ಉರಿಯಿತು, ಕುತ್ತಿಗೆ ಹಿಡಿದುಕೊಂಡಿತು. ಊಟದ ಹೊತ್ತಿಗೆ ನಾಲ್ಕು ಬಿಡಿಸಿದ್ದೆ. ಐದನೆಯದರ ತಳದಿಂದ ಮೆತ್ತಿದ ಪುಡಿಯ ಜೊತೆ ಕಪ್ಪನೆಯ ಎಳೆಯೊಂದು ಬಂತು. ಬೆರಳಲ್ಲಿ ಹೊಸಕಿ ಮೂಸಿದೆ. ಹೊಗೆಸೊಪ್ಪು! ಅಯ್ಯೋ ದೇವರೇ, ಒಂಬತ್ತು ವರ್ಷದ ಹಿಂದಿನ ಹೊಗೆಸೊಪ್ಪು! ಕೆರೆದು ಶುಚಿ ಮಾಡದ ನನ್ನ ಸೋಮಾರಿತನವೇ ಅದನ್ನು ಉಳಿಸಿತ್ತು. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಸಂಜೆಯೊಳಗೆ ಹತ್ತು ಕಚ್ಚುಗಳು ಹೊರಬಂದವು. ಹನ್ನೊಂದನೆಯದು ತೋಳಿನ ಮುಂತುದಿಯಲ್ಲಿತ್ತು. ಅದನ್ನು ನಾನು ಉಜ್ಜಿ ಗುಂಡಗೆ ಮಾಡಿದಾಗಲೇ ತೆಗೆದುಬಿಟ್ಟಿದ್ದೆ. ಇನ್ನು ಎಲ್ಲಿಂದ ತರುವುದು?

ಭಾನುವಾರ ಗಿರಾಕಿಗಳು ಬರುವ ಮೊದಲೇ ಬೆಂಚು ಜಗಲಿಗೆ ಬಂತು. ಬಲತೋಳು ಮಾತ್ರ ಬರಿಮೈ, ಉಳಿದದ್ದೆಲ್ಲ ನೀಲಿ. ಜಾಂದಿರಾ ಹುಬ್ಬು ಗಂಟಿಕ್ಕಿದಳು, ನಾನು ಕಣ್ಣಲ್ಲೇ ಅವಳ ಬಾಯಿ ಮುಚ್ಚಿಸಿದೆ. ದೋನಾ ಜುಲ್ಮಿರಾ ಅವರ ಕೈ ಹಿಡಿದು ತಂದು ಕೂರಿಸಿದೆ. ಹೆಬ್ಬೆರಳು ಹೊರಟಿತು. ಅವರ ತುಟಿ ಎಣಿಸುತ್ತಿತ್ತು. ಹತ್ತಕ್ಕೆ ನಿಂತಿತು. ಬೆರಳನ್ನು ಮೂಗಿನ ಹತ್ತಿರ ಒಯ್ದು ಮೂಸಿದರು. ಮುಖ ಅರಳಿತು.

"ಬಂದ್ರು," ಅಂದರು. ಮತ್ತೆ ಎಣಿಸಿದರು. "ಒಂದು ಕಮ್ಮಿ ಇದೆಯಲ್ಲೇ?"

"ತುದೀದು ನನ್ನ ಕೈಯಲ್ಲೇ ಹಾಳಾಯ್ತು ದೋನಾ. ಹೊಸದಾಗಿ ಕೊಯ್ದಿದ್ರೆ ನಿಮಗೆ ಗೊತ್ತಾಗ್ತಿರಲಿಲ್ವೇನೋ. ಮನಸ್ಸು ಬರಲಿಲ್ಲ. ತಪ್ಪಾಯ್ತು."

ನಾನು ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದೆ. ಆಮೇಲೆ ಅವರ ಭುಜ ಕುಲುಕಿತು. ನೋಡಿದರೆ ಮುದುಕಿ ನಗುತ್ತಿದ್ದಾರೆ!

"ತುದೀದಾ? ಅದು ಅವರದಲ್ಲ ಕಣೆ, ನನ್ನದು! ಜೂನ್ ಹಬ್ಬದಲ್ಲಿ ಬೇರೆಯವಳ ಜೊತೆ ಮೂರು ಸಲ ಕುಣಿದು ಬಂದಿದ್ದರು. ಸೀಬೆಹಣ್ಣಿನ ಮಿಠಾಯಿ ಹೆಚ್ಚುತಿದ್ದೋಳು ಸಿಟ್ಟಿಗೆ ಚಾಕು ಬೀಸಿದೆ. ಅವರ ಬೆರಳು ಸ್ವಲ್ಪದರಲ್ಲಿ ಉಳೀತು, ಏಟು ಬೆಂಚಿಗೆ ಬಿತ್ತು. ಅದನ್ನ ಮುಟ್ಟಿದಾಗೆಲ್ಲ ಅಯ್ಯೋ ಹಂಗೆ ಮಾಡಬಾರದಿತ್ತು ಅನ್ನಿಸ್ತಿತ್ತು. ಹೋಯ್ತಲ್ಲ, ಬಿಡು. ಒಳ್ಳೇದೇ ಆಯ್ತು."

"ನಾನು ರಾತ್ರಿಯೆಲ್ಲ ನಿದ್ದೆ ಬಿಟ್ಟೆನಲ್ಲ ದೋನಾ!"

"ಕಳ್ಳಿ, ಬಿಡಬೇಕಾದ್ದೇ," ಅಂದು ನನ್ನ ಕೈ ಹಿಡಿದು ಎಡಗಡೆ ಕೂರಿಸಿಕೊಂಡರು. ಒಲೆಗಾರಿಯು ಇದ್ದಾಗ ದೋನಾ ಕೂರುತ್ತಿದ್ದ ಜಾಗ ಅದು.

ಹತ್ತು ಗಂಟೆಗೆ ಮೊದಲ ಗಿರಾಕಿಗಳು ಬಂದರು, ಬೆಲೊ ಒರಿಜಾಂತಿ ನಗರದ ಗಂಡ ಹೆಂಡತಿ. ಹೆಂಡತಿ ಕೇಕು ಮರೆತು ಬೆಂಚಿನ ತೋಳನ್ನೇ ಬಗ್ಗಿ ನೋಡಿದಳು.

"ಅಬ್ಬಾ, ಇಷ್ಟು ಸಹಜವಾಗಿ ಹೆಂಗೆ ಹಳೇದು ಮಾಡಿದ್ರಿ? ನಮ್ಮ ಅಂಗಳಕ್ಕೂ ಇಂಥದ್ದೇ ಒಂದು ಮಾಡಿಕೊಡ್ತೀರಾ?"

ಬೇರೆ ದಿನವಾಗಿದ್ದರೆ ಅರ್ಧ ಗಂಟೆ ಕೊಚ್ಚಿಕೊಳ್ಳುತ್ತಿದ್ದೆ. "ನೀಲಿ ಬೇಕಾದ್ರೆ ಮಾಡಿಕೊಡ್ತೀನಿ," ಅಂದೆ. "ಆ ತೋಳು ನನ್ನ ಕೆಲಸ ಅಲ್ಲಮ್ಮ."

"ಮತ್ತೆ ಯಾರದು?"

ದೋನಾ ಜುಲ್ಮಿರಾ ಅವರ ಹೆಬ್ಬೆರಳು ಐದನೆಯ ಕಚ್ಚಿನಲ್ಲಿತ್ತು.

"ನಮ್ಮನೆಯವರದು," ಅಂದರು. "ಮೀಸೆ ತುದಿ ಸ್ವಲ್ಪ ಮೇಲಕ್ಕೆ ತಿರುಗಿತ್ತು."