ಸ್ಫೂರ್ತಿ ಅಳಿಸಿದ ಸಾಲುಗಳು

೧.
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ ಎಂದು ಕುಕ್ಕರ್ ಇಟ್ಟಾಗಿನಿಂದ ಯೋಚಿಸುತ್ತಿದ್ದೇನೆ. ಕಾಡುಗೋಡಿಯ ಬೆಳಗಿನಿಂದ ಶುರು ಮಾಡಿದರೆ ನೀವು ಮೆಟ್ರೋ, ಧೂಳು, ಟ್ರಾಫಿಕ್ಕು ಎಂದು ಓದಿ ಪುಟ ಮಗುಚುತ್ತೀರಿ. ಅದಕ್ಕೇ ನೇರವಾಗಿ ಅನುಮಾನಕ್ಕೆ ಬರುತ್ತೇನೆ: ಒಂಬತ್ತನೇ ಕ್ಲಾಸಿನ ಸ್ಫೂರ್ತಿ ತನ್ನ ಪಿಪಿಟಿ ಸ್ಲೈಡುಗಳನ್ನು ತಾನೇ ಮಾಡಿದಳೆ?

ಹೌದೆಂದು ನಂಬಿದರೆ ವೇಣಿ ಮಿಸ್ ಅವಳನ್ನು ಅಂತರಶಾಲಾ ಸ್ಪರ್ಧೆಗೆ ಕಳಿಸುತ್ತಾರೆ. ನಂಬದಿದ್ದರೆ ‘ಕಾಪಿ ಹುಡುಗಿ’ ಎಂಬ ಹೆಸರು ಶಾಲೆ ಬಿಡುವವರೆಗೂ ಅವಳ ಬೆನ್ನು ಬಿಡುವುದಿಲ್ಲ.

೨.
ಆ ಏರಿಯಾದಲ್ಲಿ ಪಿಪಿಟಿಯನ್ನು ಯಾರೂ ಮನೆಯಲ್ಲಿ ಮಾಡುವುದಿಲ್ಲ. ಮಿಸ್ ವಿಷಯ ಕೊಟ್ಟ ಸಂಜೆಯೇ ಅಮ್ಮಂದಿರು ಹರ್ಷವರ್ಧನನ ಜೆರಾಕ್ಸ್ ಅಂಗಡಿ ಮುಂದೆ ನಿಲ್ಲುತ್ತಾರೆ. ಅವನು ಎಲ್ಲರಿಗೂ ಅದೇ ಗುಲಾಬಿ ಹೂವಿನ ಅಂಚು ಹಾಕಿ, ನೆಟ್‌ನಲ್ಲಿ ಸಿಕ್ಕಿದ್ದನ್ನೆಲ್ಲ ಸುರಿದು, ಅಕ್ಷರಗಳು ಹಾರಿಕೊಂಡು ಬರುವಂತೆ ಮಾಡಿಕೊಡುತ್ತಾನೆ. ಸ್ಫೂರ್ತಿಯ ತಾಯಿ ಮಹಾನಂದಾ ಯಾದಗಿರಿ ಕಡೆಯವಳು. ಫ್ಯಾಕ್ಟರಿ ಕೆಲಸ ಮುಗಿಸಿ ಬಂದವಳೇ ಡೆಂಗಿ ಜ್ವರದ ಮೇಲೆ ಅಂಥದ್ದೊಂದನ್ನು ಮಾಡಿಸಿ ಕೊಟ್ಟಳು. ಮಗಳು ಅಮ್ಮನ ಫೋನಿನಲ್ಲಿ ಅದನ್ನು ತೆರೆದು ಅಳಿಸುತ್ತಾ ಕುಳಿತಳು.

“ಯಾಕವ್ವಾ, ಅಷ್ಟೆಲ್ಲ ಬರಿಸಿದ್ದು ಅಳಸಾಕತ್ತಿ?”

“ಹಿಂದಿನ ಬೆಂಚಿಗೆ ಅಕ್ಷರ ಇರಿವಿ ಸಾಲಿನಂಗ ಕಾಣ್ತಾವ ಅವ್ವ.”

“ಖಾಲಿ ಕಂಡ್ರ ಮಿಸ್ಸು ಬೈತಾರ ನೋಡು.”

“ಬಾಯಿಲೆ ಹೇಳ್ತೀನಲ್ಲ. ಗ್ವಾಡಿ ಮ್ಯಾಲಿದ್ದದ್ದು ಓದಾಕ ನಾ ಯಾಕ ಬೇಕು?”

ಹೂವು ಹೋಯಿತು, ಹಾರಾಟ ಹೋಯಿತು. ಮೊದಲ ಸ್ಲೈಡಿನಲ್ಲಿ ಅವರ ವಠಾರದ ಬಾಯಿ ತೆರೆದ ನೀಲಿ ನೀರಿನ ಡ್ರಮ್ಮಿನ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ ‘ಮುಚ್ಚಳ ಎಲ್ಲಿ?’ ಎಂದಷ್ಟೇ ಇತ್ತು.

೩.
(ಇಲ್ಲಿ ಮಿಸ್ಸಿಗೂ ಹರ್ಷವರ್ಧನನಿಗೂ ಹಳೇ ಜಗಳವಿತ್ತು ಎಂದು ಒಂದು ಪುಟ ಬರೆದಿದ್ದೆ. ನನಗೇ ಸುಳ್ಳೆನಿಸಿತು, ಹರಿದು ಹಾಕಿದೆ. ಅಷ್ಟರಲ್ಲಿ ಹಾಲು ಉಕ್ಕಿತು.)

೪.
ಕ್ಲಾಸಿನ ಗೋಡೆ ಮೇಲೆ ಸ್ಲೈಡುಗಳನ್ನು ನೋಡಿ ಮುಗಿಸಿದ ಮಿಸ್ ಫೈಲಿನ ವಿವರ ತೆರೆದು ನೋಡಿದರು. ಮಾಡಿದವರು: ಹರ್ಷ ಜೆರಾಕ್ಸ್.

“ಇದೇನಮ್ಮಾ ಇದು?”

“ಅವ್ರ ಫೈಲಲ್ಲೇ ಅಳಿಸಿ ಮಾಡಿದ್ದು ಮಿಸ್. ಈಗ ಇರೋದೆಲ್ಲಾ ನಂದೇ.”

“ಅಂಗಡಿಯವ್ನು ಇಷ್ಟು ಕ್ಲೀನಾಗಿ ಮಾಡಲ್ಲ, ಅದು ನಂಗೂ ಗೊತ್ತು. ಯಾರೋ ಐಟಿ ಅಂಕಲ್ ಮಾಡ್ಕೊಟ್ಟಿರ್ಬೇಕು.”

“ಮಿಸ್, ಅವ್ರ ವಠಾರದಲ್ಲಿ ಐಟಿ ಅಂಕಲ್ ಇದ್ರೆ ನಾವೂ ಅಲ್ಲಿಗೇ ಶಿಫ್ಟ್ ಆಗ್ತೀವಿ,” ಎಂದಳು ಗೆಳತಿ ಸವಿತಾ. ಎಲ್ಲರೂ ನಕ್ಕರು, ಮಿಸ್ ನಗಲಿಲ್ಲ.

ನಿಜ ಹೇಳಬೇಕೆಂದರೆ ಅನುಮಾನ ನನಗೂ ಬಂತು. ಎರಡನೇ ಭಾಗ ಬರೆದವಳು ನಾನೇ, ಇರಬಹುದು. ಆದರೆ ನಡುವೆ ನಾನು ಒಗ್ಗರಣೆಗೆಂದು ಎದ್ದಾಗ ಈ ಹುಡುಗಿ ಯಾರ ಹತ್ತಿರವಾದರೂ ಹೋಗಿ ಬಂದಿದ್ದರೆ? ನನ್ನ ಮಗಳನ್ನು ಕೇಳುವ ದನಿಯಲ್ಲೇ ಕೇಳಿದೆ: “ನಿಜ ಹೇಳು ಪುಟ್ಟಿ, ಬೈಯಲ್ಲ.”

“ಫೈಲು ಅಂಗಡಿ ಹೆಸರಲ್ಲಿದೆ ಆಂಟಿ. ಕಥೆ ನಿಮ್ಮ ಹೆಸರಲ್ಲಿರುತ್ತೆ. ನಂದು ಅಂತ ಎಲ್ಲಿ ಬರೀಲಿ?”

ನನ್ನ ಹತ್ತಿರ ಮುಕ್ತಾಯಗಳಿದ್ದವು, ತೋರಿಸಿದೆ.

ಮುಕ್ತಾಯ ಅ: ಮಿಸ್ ಬೇರೆ ವಿಷಯ ಕೊಡುತ್ತಾರೆ, ನೀನು ಎಲ್ಲರೆದುರೇ ಸ್ಲೈಡ್ ಮಾಡಿ ತೋರಿಸುತ್ತೀಯ.

“ಗುಲಾಬಿ ಹಾಕಿಸಿದವ್ರಿಗೆಲ್ಲ ಇಲ್ಲದ ಪರೀಕ್ಷೆ ನಂಗ್ಯಾಕೆ?”

ಮುಕ್ತಾಯ ಆ: ನಿನ್ನ ಅವ್ವ ಶಾಲೆಗೆ ಬಂದು ನಿನ್ನ ಪರವಾಗಿ ಮಾತಾಡುತ್ತಾಳೆ.

“ಅವ್ವಂಗೆ ರಜೆ ನೀವು ಕೊಡಿಸ್ತೀರಾ?”

ಮುಕ್ತಾಯ ಇ: ಹರ್ಷವರ್ಧನನೇ ಬಂದು (ಕುಕ್ಕರ್ ಕೂಗಿತು, ಎದ್ದೆ.)

೭.
(೫ ಮತ್ತು ೬ನ್ನು ಅವಳು ಅಳಿಸಿದ್ದಾಳೆ. ನನ್ನನ್ನು ಕೇಳಲಿಲ್ಲ.)

ನಾನು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಅವಳು ಸ್ಲೈಡ್ ಶೋ ಮತ್ತೆ ಹಾಕಿ, ಕೀಬೋರ್ಡಿನಲ್ಲಿ ‘ಬಿ’ ಒತ್ತಿದ್ದಳು. ಗೋಡೆ ಕಪ್ಪಾಯಿತು.

“ಏನ್ ಹಾಳ್ಮಾಡ್ದೆ?” ಎಂದರು ಮಿಸ್.

“ಏನೂ ಇಲ್ಲ ಮಿಸ್, ಇನ್ನೊಂದ್ಸಲ ಒತ್ತಿದ್ರೆ ಬರುತ್ತೆ. ಅದು ಕಾಣ್ತಿದ್ರೆ ನೀವು ಯಾರು ಮಾಡಿದ್ದು ಅಂತಾನೇ ನೋಡ್ತೀರ. ಈಗ ನಾನ್ ಹೇಳ್ತೀನಿ, ಕೇಳಿ.”

ನೋಡಲು ಬೇರೇನೂ ಇಲ್ಲದ್ದರಿಂದ ಇಡೀ ಕ್ಲಾಸು ಅವಳ ಕಡೆ ತಿರುಗಿತು. ಮಿಸ್ ಹುಬ್ಬು ಇಳಿಸಲಿಲ್ಲ, ಆದರೆ ಕುರ್ಚಿ ಎಳೆದುಕೊಂಡು ಕುಳಿತರು. ಅವಳು ಬಾಯಿ ತೆರೆದಳು.

ಏನು ಹೇಳಿದಳು, ಮಿಸ್ ನಂಬಿದರಾ, ಸ್ಪರ್ಧೆಗೆ ಕಳಿಸಿದರಾ? ನಾನು ಬರೆಯುವುದಿಲ್ಲ. ಬರೆದರೆ, ಆ ಮಾತನ್ನೂ ಯಾರೋ ಆಂಟಿ ಬರೆದುಕೊಟ್ಟಿದ್ದು ಎಂದು ಮೊದಲು ಅನುಮಾನಿಸುವವರು ನೀವೇ.